ಬದಿಗಿಟ್ಟ ಮೀನು

ವಾರದ ಆರು ದಿನ ನಾನು
ಮುರಗಾಂವ್ ಬಂದರಿನ ಕ್ರೇನಿನ ತಲೆಯೊಳಗೆ ಕೂತಿರುತ್ತೇನೆ.
ಅಲ್ಲಿಂದ ಮನುಷ್ಯರೆಂದರೆ ಹಳದಿ ಟೊಪ್ಪಿಗೆ, ಅಷ್ಟೆ.
ಏಳನೆಯ ದಿನ
ಸಡಾ ಗುಡ್ಡದ ಚರ್ಚಿನ ಹಿಂದಿನ ಕೋಣೆಯಲ್ಲಿ
ಮೊಣಕಾಲು ಗದ್ದಕ್ಕೆ ತಾಗುವಷ್ಟು ಗಿಡ್ಡ ಬೆಂಚಿನ ಮೇಲೆ.

ಹದಿನೇಳು ವರ್ಷ.
ಮೊದಮೊದಲು ಮಕ್ಕಳು ಕಿಟಕಿಯಲ್ಲೂ ಕೂರುತ್ತಿದ್ದರು.
ಈಗ ಸಂಡೇ ಸ್ಕೂಲಿನ ಹಾಜರಿ ಪುಸ್ತಕದಲ್ಲಿ
ಹೆಸರಿಗಿಂತ ಅಡ್ಡಗೆರೆಗಳೇ ಜಾಸ್ತಿ:
ಟ್ಯೂಷನ್ನಿಗೆ ಹೋದವರು, ಫುಟ್‌ಬಾಲಿಗೆ, ಬಾಗಲಕೋಟೆಗೆ,
ಬರೀ ಹಾಸಿಗೆ ಬಿಟ್ಟು ಏಳಲಾರದವರು.
ಫ್ಲಾನೆಲ್ ಬೋರ್ಡಿನ ಕುರಿಗೆ ಮೂರೇ ಕಾಲು.
ಅದೇ ಕಥೆಗೆ ಅದೇ ಜಾಗದಲ್ಲಿ ದನಿ ಇಳಿಸಿ,
ಅದೇ ಜಾಗದಲ್ಲಿ ಮೇಜು ಗುದ್ದಿ...
ಯಾರೂ ಬೆಚ್ಚುತ್ತಿರಲಿಲ್ಲ. ನಾನೂ.

ಆಗಸ್ಟಿನ ಆ ಭಾನುವಾರ ನಾಲ್ಕೇ ಮಂದಿ.
ಕೋಣೆಯ ಕೀಲಿಯನ್ನು ಅಯ್ಯನವರಿಗೆ ಒಪ್ಪಿಸಿಬಿಡುವುದೆಂದು
ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದೆ.
ಪಾಠ ಬಲೆಯದು. ರಾತ್ರಿಯಿಡೀ ಬರಿಗೈ,
ಬೆಳಕು ಹರಿದಾಗ ನೂರ ಐವತ್ತಮೂರು ಮೀನು.

"ಮಾಸ್ತರ್ರೀ, ಎಣಿಸಿದವ್ರ ಯಾರ್ರೀ?"

ಓಬದ್ಯ.
ಒಂದು ವಚನವೂ ಬಾಯಿಗೆ ಬಾರದ,
ತೋಳಿನಲ್ಲೇ ಮೂಗು ಒರೆಸುವ ಓಬದ್ಯ.
"ಅಷ್ಟ ಮೀನ ಒದ್ದಾಡತಿರತಾವ. ಅವ್ರ ಹಸದಿರತಾರ.
ಹಂತಾದ್ರಾಗ ಎಣಿಸಾಕ ಕುಂತವ್ರ ಯಾರು? ಹ್ಯಾಂಗ ಎಣಿಸಿದ್ರು?"

ಆ ಸಂಖ್ಯೆಯನ್ನು ಹದಿನೇಳು ವರ್ಷ ನಾನು ಹಾದುಹೋಗಿದ್ದೆ,
ನಿಲ್ಲದ ರೈಲು ಸಣ್ಣ ಸ್ಟೇಷನ್ನನ್ನು ಹಾದಂತೆ.
ನಾಲಿಗೆ ತುದಿಗೆ ಎರಡು ಉತ್ತರ ಬಂದವು. ಎರಡೂ ಸುಳ್ಳು.
"ಗೊತ್ತಿಲ್ಲೋ" ಅಂದೆ.
ನಾಲ್ಕೂ ತಲೆ ಮೇಲೆದ್ದವು.
ಮಾಸ್ತರಿಗೆ ಗೊತ್ತಿಲ್ಲ!
ಅಂಥ ಹಬ್ಬ ಆ ಕೋಣೆ ಕಂಡು ಎಷ್ಟು ಕಾಲವಾಗಿತ್ತೋ.
"ನಮ್ಮವ್ವನ್ನ ಕೇಳ್ರಿ" ಅಂದ ಓಬದ್ಯ.

ಸೋಮವಾರ, ಪಾಳಿಗೆ ಮುಂಚೆ, ಖಾರೆವಾಡೊ ಧಕ್ಕೆ.
ದಿನಾ ಮೇಲಿನಿಂದ ನೋಡುವ ಜಾಗ.
ಮೇಲಿನಿಂದ ಅದಕ್ಕೆ ವಾಸನೆ ಇರಲಿಲ್ಲ.
ಮಾರ್ತವ್ವ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಕೈಗೆರಡು ಕೈಗೆರಡು ಬಂಗುಡೆ ಬೀಸುತ್ತ,
ಕೊಂಕಣಿಯಲ್ಲಿ ಬೈಯುತ್ತ, ಕನ್ನಡದಲ್ಲಿ ಎಣಿಸುತ್ತ.
ಐದು ಬೀಸಿಗೆ ಇಪ್ಪತ್ತು.
ಇಪ್ಪತ್ತಾದಾಗೊಮ್ಮೆ ಒಂದು ಮೀನು ಬದಿಗೆ.
"ಅದು ಯಾಕವ್ವಾ?"
"ಲೆಕ್ಕದ ಮೀನ್ರೀ. ಬಾಯಿ ಮರೀತೈತಿ,
ಬದಿಗಿಟ್ಟ ಮೀನ ಮರಿಯಂಗಿಲ್ಲ."

ನನ್ನ ಕೈಗೂ ಕೊಟ್ಟಳು. ಜಾರಿದವು.
ನಲವತ್ತೇಳಕ್ಕೆ ತಪ್ಪಿದೆ. ಮತ್ತೆ ಒಂದರಿಂದ.
ನಲವತ್ತು ಟನ್ ಎತ್ತಿ ಹಡಗಿನ ಹೊಟ್ಟೆಗೆ ಇಳಿಸುವ ಕೈ
ಎರಡು ಮೀನು ಹಿಡಿಯಲಾರದೆ ಹಿಂದೆ ಮುಂದೆ ನೋಡಿತು.
ಹೆಂಗಸರು ನಕ್ಕರು. ನಗಲಿ.
ಕಲಿಯುವಾಗ ಹೀಗೆ ಬೆನ್ನು ಬಿಸಿಯಾಗುತ್ತದೆಂದು
ನನಗೆ ಮರೆತೇ ಹೋಗಿತ್ತು;
ನನ್ನ ಬೆಂಚಿನ ಮಕ್ಕಳಿಗೆ ವಾರವಾರ ಆಗುವುದು ಇದೇ ಇರಬೇಕು.

ಮಧ್ಯಾಹ್ನ ಕ್ಯಾಬಿನ್ನಿನ ಗಾಜಿಗೆ ಕಲ್ಲಿದ್ದಲ ಧೂಳು.
ಬೆರಳಿನಲ್ಲೇ ಅದರ ಮೇಲೆ ಬರೆದೆ:
ಏಳು ಇಪ್ಪತ್ತು, ಮೇಲೆ ಹದಿಮೂರು.
ಹಾಗಾದರೆ ಆ ದಡದಲ್ಲೂ, ಕೆಂಡದ ಬದಿಯ ಮರಳಿನಲ್ಲಿ,
ಏಳು ಮೀನು ಬೇರೆ ಬಿದ್ದಿರಬೇಕು.
ದೂರದಲ್ಲಿ ಧಕ್ಕೆ. ಚುಕ್ಕೆಗಳು.
ಅವುಗಳಲ್ಲೊಂದು ಮಾರ್ತವ್ವ.

ಮುಂದಿನ ಭಾನುವಾರ ಹರಿದ ಸೊಳ್ಳೆಪರದೆಯಲ್ಲಿ
ನೂರ ಐವತ್ತಮೂರು ಹುಣಸೆಬೀಜ ಸುರಿದೆ.
ಕಚ್ಚಾಡಿದರು, ಕದ್ದರು, ಮೂರು ಸಲ ಎಣಿಸಿದರು.
ನೂರ ಐವತ್ತೊಂದೇ ಬಂತು.
ಒಂದು ಬೆಂಚಿನಡಿ ಸಿಕ್ಕಿತು,
ಇನ್ನೊಂದು ಓಬದ್ಯನ ದವಡೆಯಲ್ಲಿ.
ಕಥೆ ಹೇಳಲು ಹೊತ್ತೇ ಉಳಿಯಲಿಲ್ಲ.

ಕೀಲಿ ಜೇಬಿನಲ್ಲೇ ಒಗೆತಕ್ಕೆ ಹೋಗಿ ತುಕ್ಕು ಹಿಡಿದಿದೆ;
ಈಗ ಬಾಗಿಲಿಗೆ ಎರಡೆರಡು ಸಲ ತಿರುಗಿಸಬೇಕು.
ಹಾಜರಿಯಲ್ಲಿ ಗೆರೆಗಳೇನೂ ಕಮ್ಮಿಯಾಗಿಲ್ಲ.
ಆದರೆ ಅದರ ಕೊನೆಯ ಪುಟಕ್ಕೆ ತಲೆಬರಹ ಬಂದಿದೆ,
ಸುನೀತಿಯ ವಕ್ರ ಅಕ್ಷರದಲ್ಲಿ: ಮಾಸ್ತರಿಗೆ ಗೊತ್ತಿಲ್ಲದ್ದು.
ಕೆಳಗೆ ಹನ್ನೊಂದು ಸಾಲು.
ಹನ್ನೆರಡನೆಯದನ್ನು ನಿನ್ನೆ ರೂಬೇನ ಬರೆಸಿದ:

ಬಲಿ ಹರೀಲಿಲ್ಲ ಅಂತೀರಿ.
ಅದು ಹೊಸಾದೋ,
ಹೊಲಿಗಿ ಹಾಕಿದ್ದೋ?